ಎರಡನೆಯ ಕೂಗು

ದೆವ್ವಕ್ಕೆ ಹೆದರಬೇಕೆಂದರೂ ಮೈಯಲ್ಲಿ ಒಂದಿಷ್ಟು ಕಸುವು ಇರಬೇಕು. ದಾನಮ್ಮನಲ್ಲಿ ಅದೂ ಉಳಿದಿರಲಿಲ್ಲ. ಬೆಳಗ್ಗೆ ನಲ್ಲಿಯಲ್ಲಿ ನೀರು ಬಿಡುವ ಹೊತ್ತಿಗೆ ಎದ್ದು ಕೊಡ ತುಂಬಿಸಿ, ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಹೊರಳಿಸಿ, ಒರೆಸಿ, ಸೀರೆ ಬದಲಿಸಿ, ತೊಯ್ದ ಚಾದರ ನೆನೆಹಾಕಿ, ರೊಟ್ಟಿ ಬಡಿದಿಟ್ಟು, ಬಿ.ಟಿ.ಎಂ. ಲೇಔಟಿನ ಸ್ಟಾಪಿನಲ್ಲಿ ಬಸ್ಸು ಹಿಡಿದು ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ, ಅಲ್ಲಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಂಜೆಯವರೆಗೆ ಗುಮಾಸ್ತಗಿರಿ ಮಾಡಿ, ಮತ್ತೆ ಬಸ್ಸಿಗೆ ಜೋತುಬಿದ್ದು ಮನೆಗೆ ಬಂದು, ಮತ್ತೆ ಒರೆಸಿ, ಮತ್ತೆ ಬದಲಿಸಿ, ಇಷ್ಟಾದ ಮೇಲೆ ಯಾವ ದೆವ್ವ ಬಂದು ಕದ ಬಡಿದರೂ ಆಕೆ “ತಡಿಯಪ್ಪಾ, ಕೈ ಒರಸ್ಕೊಂಡು ಬರ್ತೀನಿ” ಎನ್ನುತ್ತಿದ್ದಳೇ ಹೊರತು ಕಿರುಚುತ್ತಿರಲಿಲ್ಲ.

ಗಂಡ ಗುರುಸಿದ್ದ ಪಂಪ್‌ಸೆಟ್ ಕಂಪನಿಯೊಂದರ ಸೇಲ್ಸಿನಲ್ಲಿದ್ದ. ತಿಂಗಳಲ್ಲಿ ಅರ್ಧ ತುಮಕೂರು, ಹಾಸನ ಎಂದು ಸುತ್ತಾಟ. ಕೆಟ್ಟವನಲ್ಲ. ತಾಯಿ ಎಂದರೆ ಪ್ರಾಣ. ಆದರೆ ಆ ಪ್ರಾಣವೆಲ್ಲ ಕೋಣೆಯ ಬಾಗಿಲಲ್ಲಿ ನಿಂತು “ಹೆಂಗದೀಬೇ ಯವ್ವಾ?” ಎಂದು ಕೇಳುವುದರಲ್ಲಿ ಖರ್ಚಾಗಿಬಿಡುತ್ತಿತ್ತು, ಚಾದರದವರೆಗೆ ಬರುತ್ತಿರಲಿಲ್ಲ. ಇಬ್ಬರೂ ಬಾಗಲಕೋಟೆಯ ಕಡೆಯಿಂದ ಬಂದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನೆಲೆ ನಿಂತವರು. ಮಕ್ಕಳಾಗಲಿಲ್ಲ, ಆ ಮಾತು ಮನೆಯಲ್ಲಿ ಎಂದೋ ಮುಗಿದಿತ್ತು. ಊರಲ್ಲಿದ್ದ ಗುರುಸಿದ್ದನ ತಾಯಿ ದುಂಡವ್ವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಆಕೆಯನ್ನು ಇಲ್ಲಿಗೇ ಕರೆತಂದಿದ್ದರು. ಅದಾಗಿ ಎಷ್ಟೋ ಯುಗಾದಿ ಕಳೆದಿದ್ದವು.

ದುಂಡವ್ವನ ಎಡಗೈ ಎಡಗಾಲು ಸತ್ತಿದ್ದರೂ ಗಂಟಲು ಗಟ್ಟಿಯಾಗಿತ್ತು. ದಿನಕ್ಕೆ ಎಷ್ಟು ಸಲ “ದಾನೀ” ಎಂದು ಕೂಗುತ್ತಿದ್ದಳೋ, ಸೊಸೆ ಎಷ್ಟು ಸಲ “ಓ, ಬಂದೇರಿ” ಎನ್ನುತ್ತಿದ್ದಳೋ, ಲೆಕ್ಕ ಇಟ್ಟವರಿಲ್ಲ. ಆದರೆ ತಾನು ಮಾತ್ರ ಯಾರೇ ಕರೆದರೂ ಮೊದಲನೆಯ ಕೂಗಿಗೆ ಉಲಿಯುತ್ತಿರಲಿಲ್ಲ. ದಾನಮ್ಮ ಅಡುಗೆಮನೆಯಿಂದ “ಅತ್ತೀ, ಚಾ ಕುಡೀತೀರೇನ್ರಿ?” ಎಂದರೆ ಸದ್ದಿಲ್ಲ. ಇನ್ನೊಮ್ಮೆ ಕರೆದರೆ ಆಗ “ಓ” ಎಂಬ ಉತ್ತರ. ಒಮ್ಮೆ ರೋಸಿಹೋಗಿ ದಾನಮ್ಮ ಕೇಳಿಯೇಬಿಟ್ಟಿದ್ದಳು.

“ಒಂದನೇ ಕೂಗಿಗೆ ಓ ಅನ್ನಬಾರದವಾ,” ಎಂದಿದ್ದಳು ಅತ್ತೆ. “ದೆವ್ವಕ್ಕ ಒಂದ ಸಲ ಕರಿಯಾಕ ಬರತೈತಿ. ಎರಡನೇ ಸಲ ಕರದಾಂವ ಮನಷ್ಯಾ.”

“ಬಿ.ಟಿ.ಎಂ. ಲೇಔಟಿನಾಗ ದೆವ್ವ ಎಲ್ಲಿ ಬರಬೇಕ್ರೀ, ಬಾಡಿಗಿ ಕೊಡಾಕ ಆಗಬೇಕಲ್ಲ,” ಎಂದು ದಾನಮ್ಮ ಗೊಣಗಿಕೊಂಡು ಹೋಗಿದ್ದಳು. ಅಂದಿನಿಂದ ಪ್ರತಿಯೊಂದಕ್ಕೂ ಎರಡೆರಡು ಸಲ ಕರೆಯುವುದು ರೂಢಿಯಾಯಿತು.

ದಾನಮ್ಮನಿಗೆ ಒಂದು ಹಳೇ ಪುಸ್ತಕ ಸಿಕ್ಕಿದ್ದು ತೊಂಬತ್ತೇಳರ ಮಳೆಗಾಲದಲ್ಲಿ. ಆಫೀಸು ಬಿಟ್ಟು ಬಸ್ ಸ್ಟಾಪಿಗೆ ಹೊರಟಿದ್ದಳು, ತಟಪಟ ಹನಿ ಬಿತ್ತು. ಶಾಪಿಂಗ್ ಕಾಂಪ್ಲೆಕ್ಸಿನ ಹಿಂಬದಿ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವವನ ತಾಡಪಾಲಿನ ಕೆಳಗೆ ನಿಂತಳು. ಸುಮ್ಮನೆ ನಿಲ್ಲುವುದಕ್ಕೆ ಸಂಕೋಚವಾಗಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಳು. ಅಂಗೈಯಗಲದ ದಪ್ಪ ಇಂಗ್ಲಿಷ್ ಪುಸ್ತಕ. ಮುಖಪುಟದಲ್ಲಿ ಮೇಣದಬತ್ತಿ ಹಿಡಿದ ಒಂದು ಹಸಿರು ಕೈ. ಕೈಯ ಹಿಂದೆ ಮನುಷ್ಯ ಇಲ್ಲ. ಹಾಳೆಗಳ ಅಂಚಿಗೆ ಯಾವಾಗಲೋ ಬಳಿದ ಕೆಂಪು ಮಾಸಿ ಕಾವಿಯಾಗಿತ್ತು. ಒಳಗೆ ಯಾರೋ ನೀಲಿ ಶಾಯಿಯಲ್ಲಿ ಹೆಸರು ಬರೆದು ಕೆಳಗೆ ೧೯೬೩ ಎಂದು ಹಾಕಿದ್ದರು. ಹಿಂದಿನ ಕಾಲದ ಬೇರೆ ಬೇರೆ ಲೇಖಕರ ಭಯದ ಕಥೆಗಳು, ಒಂದೇ ಕಟ್ಟಿನಲ್ಲಿ.

“ತಗೊಳ್ಳಿ ಮೇಡಂ, ಸಖತ್ತಾಗಿದೆ,” ಎಂದ ಅಂಗಡಿಯವನು. “ಗಮ್ ಬಿಟ್ಕೊಂಡಿದೆ ಅಷ್ಟೇ, ಪೇಜು ಒಂದೂ ಮಿಸ್ಸಾಗಿಲ್ಲ. ಹುಷಾರಾಗಿ ಓದ್ಬೇಕು, ಗಾಳಿಗೆ ಹಾರ್ಬಿಡ್ತವೆ.”

ಕಾಲೇಜಿನಲ್ಲಿ ಇಂಗ್ಲಿಷ್ ಐಚ್ಛಿಕವಾಗಿ ಓದಿದ್ದಳು ದಾನಮ್ಮ. ಅದಾದ ಮೇಲೆ ಇಂಗ್ಲಿಷಿನಲ್ಲಿ ಓದಿದ್ದೆಂದರೆ ಸಂಘದ ಸುತ್ತೋಲೆಗಳು ಮತ್ತು ಔಷಧಿ ಚೀಟಿಗಳು. ಮಳೆ ನಿಂತಾಗ ಪುಸ್ತಕ ಚೀಲದಲ್ಲಿತ್ತು. ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ದಿನಾಲೂ ಕೂತ ಕೂಡಲೇ ತೂಕಡಿಸಿ ಪಕ್ಕದವರ ಹೆಗಲಿಗೆ ತಲೆ ಹಾಕಿ ಬೈಸಿಕೊಳ್ಳುತ್ತಿದ್ದವಳು ಅಂದು ತನ್ನ ಸ್ಟಾಪು ಬರುವವರೆಗೂ ಎಚ್ಚರವಾಗಿದ್ದಳು. ಎದೆ ಡವಗುಟ್ಟುತ್ತಿತ್ತು. ಎಷ್ಟು ದಿನವಾಗಿತ್ತು ಎದೆಗೆ ಇಂಥ ಕೆಲಸ ಬಿದ್ದು! ಹೆದರಿಕೆ ಆದಾಗ ದಣಿವು ಮರೆಯುತ್ತದೆ ಎಂಬುದು ಆಕೆಗೆ ಗೊತ್ತಾದದ್ದು ಆವತ್ತು.

ಪುಸ್ತಕವನ್ನು ಅತ್ತೆಯಿಂದ ಬಚ್ಚಿಡಲಾಗಲಿಲ್ಲ. ಸಂಜೆ ಸೊಟ್ಟ ಕಾಲಿಗೆ ಎಣ್ಣೆ ತಿಕ್ಕಿ, ಮುದುರಿದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುವುದು ದಾನಮ್ಮನ ಕೆಲಸ. ಡಾಕ್ಟರು ಹಾಗೆ ಹೇಳಿದ್ದರು. ಆ ಹೊತ್ತಿನಲ್ಲಿ ದುಂಡವ್ವ ನೋವಿಗೆ ಮನೆ ಮೇಲೆ ಬೀಳುವಂತೆ ಕೂಗಾಡುತ್ತಿದ್ದಳು. ಒಂದು ಸಂಜೆ ಕೂಗಾಟದ ನಡುವೆಯೇ ಕಣ್ಣು ಪುಸ್ತಕದ ಮೇಲೆ ಬಿತ್ತು.

“ಏನ ಓದಾಕತ್ತೀ ಅದು, ಕೈ ಚಿತ್ರದ್ದು?”

“ದೆವ್ವದ ಕಥಿರಿ. ಇಂಗ್ಲೀಷಿನ್ಯಾಗ ಐತಿ.”

“ದೆವ್ವಕ್ಕ ಯಾವ ಭಾಷಾ ಆದ್ರೇನು. ಹೇಳು.”

ದಾನಮ್ಮ ಹೇಳಿದಳು. ಪುಸ್ತಕದ ಸಾಹೇಬನನ್ನು ದೇಸಾಯಿ ಮಾಡಿದಳು, ಅವನ ಬಂಗಲೆಯನ್ನು ವಾಡೆ ಮಾಡಿದಳು. ಹಿಮ ಎಂದರೇನು ಎಂದು ಅತ್ತೆ ಕೇಳಿದಾಗ ಜರಡಿಯಿಂದ ಬೀಳುವ ಜೋಳದ ಹಿಟ್ಟಿನಂತೆ ಎಂದಳು. ದೇಸಾಯಿ ಊಟದ ಮೊದಲು ಕುಡಿಯುತ್ತಿದ್ದುದನ್ನು ಕಷಾಯ ಎಂದು ಹೇಳಿ ಮನೆಯ ಮಡಿ ಉಳಿಸಿದಳು. ಕಥೆ ಮುಗಿಯುವಷ್ಟರಲ್ಲಿ ಬೆರಳು ಬಿಡಿಸಿದ್ದೂ ಮುಗಿದಿತ್ತು. ದುಂಡವ್ವ ಒಂದು ಸಲವೂ ಕೂಗಿರಲಿಲ್ಲ.

ಅಲ್ಲಿಂದ ದಿನಕ್ಕೊಂದು ಕಥೆ. ಮೊದಮೊದಲು ಮೇಲಿನ ಮನೆಯ ಒಡತಿ ಕಮಲಾದೇವಿ ಪಾತ್ರೆ ಕೊಡುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು; ಆಮೇಲೆ ನೆಪ ಬಿಟ್ಟು ಮಣೆ ಹಾಕಿಕೊಂಡು ಕೂತಳು. ದಾನಮ್ಮ ಆಫೀಸಿಗೆ ಹೋದಾಗ ಅಜ್ಜಿಗೆ ನೀರು, ಕಾಫಿ ಕೊಟ್ಟು ನೋಡಿಕೊಳ್ಳುತ್ತಿದ್ದವಳು ಅವಳೇ. “ಏನ್ರೀ ದಾನಮ್ಮ, ನಿನ್ನೆ ಕನ್ನಡಿ ಕಥೆ ಹೇಳಿದ್ರಲ್ಲ, ನಾನು ಬೆಳಗ್ಗೆ ತಲೆ ಬಾಚೋಕೆ ಕನ್ನಡಿ ಮುಂದೆ ಹೋಗ್ಲಿಲ್ಲ ನೋಡಿ,” ಎನ್ನುತ್ತಿದ್ದಳು. ಪುಸ್ತಕದ ಗೋಂದು ಒಣಗಿ, ಓದಿ ಮುಗಿದ ಹಾಳೆಗಳು ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತಿದ್ದವು. ದಾನಮ್ಮ ಲಂಗದ ಹಳೇ ಲಾಡಿಯಿಂದ ಅವನ್ನು ಕಟ್ಟಿಟ್ಟಳು. ಆ ಕೆಲವು ತಿಂಗಳು ಆ ಮನೆ, ಏನು ಹೇಳಲಿ, ಸುಖವಾಗಿತ್ತು.

ಎಡವಟ್ಟಾದದ್ದು ಪುಸ್ತಕದ ನಡುಮಧ್ಯದ ಒಂದು ಚಿಕ್ಕ ಕಥೆಯಿಂದ. ಬೇರೆ ದಿನವಾಗಿದ್ದರೆ ದಾನಮ್ಮ ಅದನ್ನು ಹಾರಿಸಿಬಿಡುತ್ತಿದ್ದಳು. ಅಂದು ಸಂಘದಲ್ಲಿ ಆಡಿಟ್ ನಡೆದಿತ್ತು, ಬಸ್ಸಿನಲ್ಲಿ ನಿಂತೇ ಬಂದಿದ್ದಳು, ಬೇರೆ ಕಥೆ ಹುಡುಕುವಷ್ಟು ತಲೆ ಓಡಲಿಲ್ಲ.

ಒಬ್ಬ ಮುದಿ ದೇಸಾಯಿ. ವರ್ಷಗಟ್ಟಲೆ ಹಾಸಿಗೆ ಹಿಡಿದು ಮನೆಯವರಿಂದ ಸೇವೆ ಮಾಡಿಸಿಕೊಂಡು ಒಂದು ದಿನ ಕಣ್ಣು ಮುಚ್ಚುತ್ತಾನೆ. ಅವರ ಪದ್ಧತಿಯಂತೆ ವಾಡೆಯ ಕೆಳಗಿನ ಕಲ್ಲಿನ ನೆಲಮಾಳಿಗೆಯಲ್ಲಿ ಅವನನ್ನು ಇಟ್ಟು ಬಾಗಿಲು ಹಾಕುತ್ತಾರೆ. ಮರುದಿನ ಎಲ್ಲರೂ ಊಟಕ್ಕೆ ಕೂತಾಗ ನೆಲದ ಕೆಳಗಿನಿಂದ ಟಕ್ ಟಕ್ ಎಂದು ಬಡಿಯುವ ಸದ್ದು. ಮಗ ಸೊಸೆಯ ಮುಖ ನೋಡುತ್ತಾನೆ. ಸೊಸೆ, ಗಾಳಿ ಇರಬೇಕು ಎನ್ನುತ್ತಾಳೆ. ಆಳು ಬಂದು ಸಾರು ಬಡಿಸುತ್ತಾನೆ. ಎಲ್ಲರೂ ಉಣ್ಣುತ್ತಾರೆ. ಅದರ ಮರುದಿನ ಸದ್ದು ಇಲ್ಲ. ಕಥೆ ಅಷ್ಟೇ.

ದುಂಡವ್ವ ದಿಂಬಿನ ಮೇಲೆ ತಲೆಯನ್ನು ಸೊಸೆಯ ಕಡೆ ಹೊರಳಿಸಿದಳು.

“ಅವರಿಗೆ ಕೇಳಸ್ತಿಲ್ಲೋ?”

“ಕೇಳಿಸಿತ್ರಿ.”

“ಮತ್ತ ಹೋಗಿ ಯಾಕ ತಗೀಲಿಲ್ಲ?”

ದಾನಮ್ಮ ಅತ್ತೆಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದಳು. ರಟ್ಟೆ ಸೆಳೆಯುತ್ತಿತ್ತು, ಒಲೆಯ ಮೇಲೆ ಬೇಳೆ ಉಕ್ಕುವ ಸದ್ದು ಕೇಳುತ್ತಿತ್ತು. ಯೋಚನೆ ಮಾಡಿ ಆಡಿದ ಮಾತಲ್ಲ ಅದು.

“ಅವರೂ ದಣದಿದ್ರು ಕಾಣಸ್ತೈತಿರಿ,” ಎಂದಳು.

ಆಡಿದ ಮೇಲೆ ಮಾತು ಕೋಣೆಯಲ್ಲೇ ನಿಂತಿತು. ಬಾಗಿಲಲ್ಲಿ ಕೂತಿದ್ದ ಕಮಲಾದೇವಿ ಸೆರಗು ಸರಿಪಡಿಸಿಕೊಂಡು ಎದ್ದಳು. ದುಂಡವ್ವ, “ಸಾಕು ಬಿಡವಾ, ಇವತ್ತಿಗೆ ಎಣ್ಣಿ ಸಾಕು,” ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಮರುದಿನದಿಂದ ಆ ಮನೆಯಲ್ಲಿ “ದಾನೀ” ಎಂಬ ಕೂಗು ನಿಂತುಹೋಯಿತು.

ದಾನಮ್ಮನಿಗೆ ಮೊದಲೆರಡು ದಿನ ಹಾಯೆನಿಸಿತು, ಸುಳ್ಳೇಕೆ ಹೇಳಬೇಕು. ಆಮೇಲೆ ಒಂದು ಸಂಜೆ ಬಂದು ನೋಡಿದರೆ ಚಾದರ ತೊಯ್ದು, ತಣ್ಣಗಾಗಿ, ಅಂಚಿನಲ್ಲಿ ಒಣಗಲೂ ತೊಡಗಿತ್ತು. ಮಧ್ಯಾಹ್ನ ಕಮಲಾದೇವಿ ಬಂದಾಗಲೂ ಮುದುಕಿ ಬಾಯಿ ಬಿಟ್ಟಿರಲಿಲ್ಲ. ಮುಂಜಾನೆ ಕೊಟ್ಟ ರೊಟ್ಟಿ ತಟ್ಟೆಯಲ್ಲೇ ಸೆಟೆದಿತ್ತು.

“ಕರೀಬೇಕಿಲ್ಲೇನ್ರೀ ಅತ್ತೀ? ಅವರನ್ನರ ಕರೀಬೇಕಿಲ್ಲೇನು? ಹಸಿಯಾಗ ಬಿದ್ದೀರಲ್ಲ!”

“ನಿನಗ ದಣಿವು,” ಎಂದಳು ದುಂಡವ್ವ. ಕೊಂಕಿನ ದನಿ ಇರಲಿಲ್ಲ. ಅದು ಇದ್ದಿದ್ದರೆ ದಾನಮ್ಮ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದಳು. ಆಕೆ ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನಲ್ಲಿ ಬಿಟ್ಟು ಅತ್ತಳು.

ಅದೇ ವಾರ ಗುರುಸಿದ್ದ ಟೂರು ಮುಗಿಸಿ ಬಂದು ಬಾಗಿಲಲ್ಲಿ ನಿಂತು “ಹೆಂಗದೀಬೇ” ಎಂದಾಗ ತಾಯಿ ಹೇಳಿದಳು: “ನಾ ಸತ್ತರ ನನ್ನ ಹುಗೀಬ್ಯಾಡ್ರೆಪಾ. ಸುಟ್ಟುಬಿಡ್ರಿ. ಬನಶಂಕರಿ ಕಡೆ ಕರೆಂಟಿನಾಗ ಸುಡ್ತಾರಂತಲ್ಲ, ಕಮಲಮ್ಮ ಹೇಳತಿದ್ಲು. ಸುಟ್ಟರ ಸದ್ದು ಮಾಡೂ ಕೆಲಸಾನ ಇಲ್ಲ.”

ಗುರುಸಿದ್ದನಿಗೆ ಸಿಡಿಲು ಹೊಡೆದಂತಾಯಿತು. “ನಾವು ಲಿಂಗವಂತರಬೇ! ನಮ್ಮೊಳಗ ಸುಡೂದಂದ್ರೇನು? ಅಪ್ಪನ್ನ, ಮುತ್ಯಾನ್ನ, ಎಲ್ಲಾರನ್ನೂ ಕೂಡಿಸಿ ಮಣ್ಣು ಕೊಟ್ಟೇವಿ. ನಿನ್ನೊಬ್ಬಾಕೀನ್ನ ಸುಟ್ಟರ ಊರಾಗ ಹೆಂಗ ಮಾರಿ ತೋರಸಲಿ?” ಎಂದು ಕೂಗಾಡಿದ. ಇದಕ್ಕೆಲ್ಲ ಮೂಲ ಯಾವುದೆಂದು ತಿಳಿದಾಗ ಆ ಲಾಡಿ ಕಟ್ಟಿದ ಪುಸ್ತಕವನ್ನು ಎತ್ತಿ ರದ್ದಿ ಪೇಪರಿನ ಗಂಟಿಗೆ ಎಸೆದ. “ಮುದುಕಿಗೆ ಹೇಳೂ ಕಥಿ ಇವು? ಓದಿದಾಕಿ ನೀನು!” ಎಂದು ಹೆಂಡತಿಗೆ ಎಗರಿದ. ಅತ್ತೆ ಹೆದರಿದ್ದು ಕಥೆಗಲ್ಲ, ತನ್ನ ಮಾತಿಗೆ ಎಂಬುದನ್ನು ದಾನಮ್ಮ ಗಂಡನಿಗೆ ಹೇಗೆ ತಾನೇ ಹೇಳಿಯಾಳು? ಕಥೆಗೆ ಬೇರೆ ಕೊನೆ ಕಟ್ಟಿ ನೋಡಿದ್ದಳು, ಮನೆಯವರು ಇಳಿದುಹೋಗಿ ಬಾಗಿಲು ತೆಗೆದರು, ದೇಸಾಯಿ ಎದ್ದು ಬಂದು ಉಂಡ ಎಂದು. “ಇದು ಪುಸ್ತಕದಾಗಿಲ್ಲ,” ಎಂದುಬಿಟ್ಟಿದ್ದಳು ಮುದುಕಿ. “ಸುಳ್ಳ ಹೇಳೂವಾಗ ನಿನ್ನ ಕೈ ಬಿಗೀತೈತಿ. ನನ್ನ ಕಾಲಿಗೆ ಗೊತ್ತಾಗತೈತಿ.”

ಗುರುಸಿದ್ದ ಪದ್ಮನಾಭನಗರಕ್ಕೆ ಹೋಗಿ ಏಕಾಂತಯ್ಯನವರನ್ನು ಕರೆತಂದ. ಈ ಭಾಗದಲ್ಲಿ ಅವರ ಕಡೆಯ ಜನಕ್ಕೆ ಹುಟ್ಟು ಸಾವು ಮದುವೆ ಎಲ್ಲಕ್ಕೂ ಬರುವ ಜಂಗಮರು ಅವರೇ. ಪಾದ ತೊಳೆಸಿಕೊಂಡು, ಕುರ್ಚಿಯಲ್ಲಿ ಕೂತು, ನಯವಾಗಿ ಹೇಳಿದರು: “ಅಮ್ಮಾ, ನಮ್ಮಲ್ಲಿ ಯಾರೂ ಸಾಯೋದಿಲ್ಲ. ಲಿಂಗದಲ್ಲಿ ಸೇರ್ಕೋತಾರೆ ಅಷ್ಟೇ. ಅಂಗೈಲಿ ಲಿಂಗ ಇರ್ಬೇಕಾದ್ರೆ ಭಯ ಯಾಕೆ ಹೇಳಿ?”

“ಭಯ ಅಲ್ಲರಿ ಅಯ್ಯನೋರ,” ಎಂದಳು ದುಂಡವ್ವ. “ನಾ ಒಳಗ ಕುಂತ ಮ್ಯಾಲ ಜೀವ ಇನ್ನೂ ಐತಿ ಅಂತ ತಿಳೀರಿ. ನಾ ಕೂಗಿದೆ ಅಂತ ತಿಳೀರಿ. ಆ ಜಾಗಟಿ, ಆ ಶಂಖ, ಆ ಮಂತ್ರದ ಗದ್ದಲದಾಗ ನಿಮಗ ಕೇಳಸ್ತೈತೇನು?”

ಏಕಾಂತಯ್ಯನವರಿಗೆ ನಗು ಬಂತು. ಎಷ್ಟೋ ಜನರನ್ನು ಮಣ್ಣಿಗೆ ಕೂಡಿಸಿದವರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

“ಡಾಕ್ಟ್ರು ನೋಡ್ತಾರಮ್ಮಾ, ಈಗಿನ ಕಾಲದಲ್ಲಿ ಹಂಗೆಲ್ಲ ಆಗಲ್ಲ.”

“ಡಾಕ್ಟರ್‌ಗೂ ದಣಿವಿರತೈತ್ರಿ,” ಎಂದಳು ಮುದುಕಿ. ಬಾಗಿಲ ಬಳಿ ನಿಂತಿದ್ದ ದಾನಮ್ಮ ತಲೆ ತಗ್ಗಿಸಿದಳು.

ಕೊನೆಗೆ ದುಂಡವ್ವನೇ ಒಂದು ಮೆಟ್ಟಿಲು ಇಳಿದಳು. “ಆತು. ಹುಗೀರಿ. ನಿಮ್ಮ ಮರ್ಯಾದಿ ಉಳೀಲಿ. ಆದ್ರ ಮಣ್ಣ ಹಾಕೂ ಮೊದಲ ಎಲ್ಲಾ ಗದ್ದಲ ನಿಲ್ಲಸಬೇಕು. ದಾನಿ ಕುಣಿಯೊಳಗ ಇಳಿದು ನನ್ನ ಹೆಸರ ಹಿಡದು ಕರೀಬೇಕು. ನಾ ಓ ಅನ್ನಲಿಲ್ಲ ಅಂದ್ರ ಮುಚ್ಚರಿ.”

ಕೋಣೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡಿದರು. ಹೆಣ್ಣುಮಕ್ಕಳು ಕುಣಿಗೆ ಇಳಿಯುವ ಪದ್ಧತಿ ಇಲ್ಲ ಎಂದರು ಏಕಾಂತಯ್ಯ. ಸೊಸೆ ಅತ್ತೆಯ ಹೆಸರು ಹಿಡಿಯುವುದುಂಟೇ ಎಂದ ಗುರುಸಿದ್ದ. ಮದುವೆಯಾದಂದಿನಿಂದ ದಾನಮ್ಮನ ಬಾಯಲ್ಲಿ ಆ ಹೆಸರು ಬಂದದ್ದಿಲ್ಲ. ರೇಷನ್ ಅಂಗಡಿಯವನು ಮನೆಯವರ ಹೆಸರು ಕೇಳಿದಾಗಲೂ ಕಾರ್ಡನ್ನೇ ಮುಂದೆ ಹಿಡಿದಿದ್ದಳು.

“ನನ್ನ ಎತ್ತಾಕಿ ಆಕಿ, ಇಳಸಾಕಿ ಆಕಿ,” ಎಂದಳು ದುಂಡವ್ವ. “ಇಷ್ಟು ವರ್ಷ ನನ್ನ ಹೇಲು ಉಚ್ಚಿ ಬಳದಾಗ ಯಾವ ಪದ್ಧತೀನೂ ಅಡ್ಡ ಬರಲಿಲ್ಲ. ಕುಣಿಗೆ ಇಳೀಯಾಕ ಅಡ್ಡ ಬರತೈತೇನು? ಮತ್ತ ಹೆಸರ ಹಿಡದ ಕರೀಬೇಕು. ಅತ್ತಿ ಅಂತ ಕರದ್ರ, ಆ ಮಣ್ಣಾಗ ಎಷ್ಟ ಮಂದಿ ಅತ್ತೆಂದ್ರು ಅದಾರೋ ಏನೋ, ಎಲ್ಲಾರೂ ಎದ್ದು ಕುಂತಾರು.”

ಕಮಲಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮುದುಕಿ ನಗಲಿಲ್ಲ. ಸೊಸೆಯನ್ನೇ ನೋಡುತ್ತಿದ್ದಳು.

“ಕರೀತೀ?”

“ಕರೀತೀನ್ರಿ.”

“ಒಂದ ಸಲ ಕರದು ಹತ್ತಿ ಬರಬ್ಯಾಡ ಮತ್ತ. ಒಂದನೇದಕ್ಕ ನಾ ಓ ಅನ್ನೂದಿಲ್ಲ. ಗೊತ್ತೈತಿಲ್ಲ?”

“ಗೊತ್ತೈತ್ರಿ.”

ಏಕಾಂತಯ್ಯ “ನೋಡೋಣ” ಎಂದರು. ಗುರುಸಿದ್ದನೂ “ನೋಡೋಣ” ಎಂದ. ಗಂಡಸರು ನೋಡೋಣ ಎಂದರೆ ಏನರ್ಥ ಎಂದು ದುಂಡವ್ವನಿಗೂ ಗೊತ್ತಿತ್ತು, ಆದರೆ ಆಕೆಗೆ ಬೇಕಾಗಿದ್ದ ಮಾತು ಅವರದಲ್ಲ. ಮಾತು ಮುಗಿಯುತ್ತಲೇ, ರದ್ದಿಗೆ ಎಸೆದ ಆ ಕೈ ಚಿತ್ರದ ಪುಸ್ತಕ ಎಲ್ಲಿ ಎಂದು ಕೇಳಿದಳು. ಅರ್ಧ ಇನ್ನೂ ಬಾಕಿ ಇದೆಯಲ್ಲ, ಹೆದರಿಕೊಂಡ ಮೇಲೆ ಪೂರ್ತಿಯಾಗಿಯೇ ಹೆದರಬೇಕು ಎಂಬುದು ಆಕೆಯ ವಾದ.

ಅಂದಿನಿಂದ ಕೂಗು ಬಡ್ಡಿ ಸಮೇತ ಮರಳಿತು. ದಾನೀ, ನೀರು. ದಾನೀ, ಬೆನ್ನು ಕಡೀತೈತಿ. ದಾನೀ, ಆ ವಾಡೇದಾಗ ಆಮ್ಯಾಲ ಏನಾತು? ದಾನಮ್ಮ ಓ ಎಂದಳು, ಒರೆಸಿದಳು, ಕಥೆ ಹೇಳಿದಳು. ರದ್ದಿಯ ಗಂಟಿನಿಂದ ಎತ್ತಿತಂದ ಪುಸ್ತಕ ಒಮ್ಮೆ ಮುಗಿದು ಎರಡನೆಯ ಸಲ ಮೊದಲಾಯಿತು. ನೆಲಮಾಳಿಗೆಯ ಕಥೆಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ದಣಿವು ಕಡಿಮೆಯಾಯಿತು ಎಂದರೆ ಸುಳ್ಳಾದೀತು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಸಂಜೆಯ ನೆನಪಾಗಿ ಮತ್ತೆ ಕಣ್ಣು ಮುಚ್ಚುವಂಥ ದಣಿವು. ಒಮ್ಮೊಮ್ಮೆ ಬಸ್ಸಿನಲ್ಲಿ, ಇದು ಯಾವಾಗ ಮುಗಿಯುತ್ತದೋ ಎಂದು ಮನಸ್ಸು ತಾನಾಗಿಯೇ ಕೇಳುತ್ತಿತ್ತು. ಯಾವುದು ಮುಗಿಯಬೇಕು ಎಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯ ಆಕೆಗೆ ಇರಲಿಲ್ಲ.

ಮರುವರ್ಷ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಸಂಘಕ್ಕೆ ಫೋನು ಬಂತು. ಕಮಲಾದೇವಿ. “ದಾನಮ್ಮ, ಬೇಗ ಬಂದ್ಬಿಡ್ರೀ. ಕಾಫಿ ಕೊಡೋಣ ಅಂತ ಹೋದೆ ಕಣ್ರೀ... ಡಾಕ್ಟ್ರನ್ನ ಕರ್ಸಿದ್ವಿ, ಆಗ್ಲೇ ಜೀವ ಹೋಗ್ಬಿಟ್ಟಿದೆ ಅಂದ್ರು.” ದಾನಮ್ಮ ಫೋನಿಟ್ಟು, ಮುಂದೆ ನಿಂತಿದ್ದ ಗಿರಾಕಿಯ ಪಾಸ್‌ಬುಕ್ಕಿಗೆ ಸೀಲು ಹಾಕಿ ಕೊಟ್ಟು, ಆಮೇಲೆ ಎದ್ದಳು. ಆಟೋದಲ್ಲಿ ಕೂತು ಬೆನ್ನು ಹಿಂದಕ್ಕೆ ಚೆಲ್ಲಿದವಳಿಗೆ ನಿದ್ದೆ ಬಂದುಬಿಟ್ಟಿತು. ಯಾರಿಗೂ ಹೇಳಿಕೊಳ್ಳಲಾಗದಂಥ ಗಾಢ ನಿದ್ದೆ. ಮನೆಯ ಮುಂದೆ ಆಟೋದವನು “ಅಕ್ಕಾ, ಇಳ್ಕೊಳ್ಳಿ” ಎಂದು ಎರಡು ಸಲ ಕರೆಯಬೇಕಾಯಿತು.

ಊರಿನವರು ಬರಬೇಕಾಗಿದ್ದರಿಂದ ಮಣ್ಣು ಮರುದಿನಕ್ಕೆ ಹೋಯಿತು. ದುಂಡವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಹೂವಿನಲ್ಲಿ ಮುಚ್ಚಿದರು. ಮನೆ ತುಂಬ ಜನ. ದಾನಮ್ಮ ಆ ಜನಕ್ಕೆಲ್ಲ ಚಹಾ ಮಾಡಿದಳು. ಅತ್ತೆಯ ಹತ್ತಿರ ಒಬ್ಬಳೇ ಕೂರುವ ಹೊತ್ತು ಸಿಗಲೇ ಇಲ್ಲ.

ಬನಶಂಕರಿಯ ಆಚೆ ಇದ್ದ ರುದ್ರಭೂಮಿಯಲ್ಲಿ ಕುಣಿ ತೋಡಿ ಸಿದ್ಧವಾಗಿತ್ತು. ಜಾಗಟೆ, ಶಂಖ, ಭಜನೆ. ಏಕಾಂತಯ್ಯನವರು ಕೆಳಗಿಳಿದು ಕುಣಿಯ ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ದುಂಡವ್ವನನ್ನು ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ವಿಧಿ ಮುಗಿಸಿ ಮೇಲೆ ಬಂದರು. ಗುದ್ದಲಿ ಹಿಡಿದವರು ಮುಂದಕ್ಕೆ ಬಂದರು. ಗುರುಸಿದ್ದ ಎಲ್ಲೋ ದೂರ ನೋಡುತ್ತಿದ್ದ. ಏಕಾಂತಯ್ಯನವರೂ ಕಾಲಿನ ಮಣ್ಣು ಕೊಡವುತ್ತಿದ್ದರು. ಇಬ್ಬರಿಗೂ ನೆನಪಿತ್ತು ಎಂಬುದು ಅವರು ನೋಡದೆ ಇದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ತಡೀರಿ,” ಎಂದಳು ದಾನಮ್ಮ. “ನಾ ಇಳೀಬೇಕು.”

ಗುರುಸಿದ್ದನ ಕಾಕಾ ಗೂಳಪ್ಪ ಕಣ್ಣು ಕೆಕ್ಕರಿಸಿದ. “ತಲಿಗಿಲಿ ಕೆಟ್ಟೈತೇನವಾ? ಇಷ್ಟ ಮಂದಿ ಮುಂದ?” ಬೇರೆ ದಿನವಾಗಿದ್ದರೆ ದಾನಮ್ಮ ನಾಚಿ ಹಿಂದೆ ಸರಿಯುತ್ತಿದ್ದಳು. ಆದರೆ ನಾಚುವುದಕ್ಕೂ ಕಸುವು ಬೇಕಲ್ಲ. ಸೆರಗು ಸಿಕ್ಕಿಸಿಕೊಂಡು ಕುಣಿಯ ಅಂಚಿಗೆ ಬಂದಳು. ಜಾಗಟೆಯವನು ಬಡಿಯುತ್ತಲೇ ಇದ್ದ. ಆಗ ಗುರುಸಿದ್ದ ಎರಡು ಹೆಜ್ಜೆ ಇಟ್ಟು, ಅವನ ಕೈಯಲ್ಲಿದ್ದ ಕೋಲನ್ನು ಕಿತ್ತುಕೊಂಡ.

“ಇಳೀಲಿ ಬಿಡ್ರಿ ಕಾಕಾ,” ಎಂದ. “ನಮ್ಮವ್ವನ ಮಾತೈತಿ.”

ಕೆಳಗೆ ಹಸಿ ಮಣ್ಣಿನ ವಾಸನೆ, ಬಿಲ್ವಪತ್ರೆಯ ವಾಸನೆ. ದಾನಮ್ಮ ಅತ್ತೆಯ ಎದುರು ಮೊಣಕಾಲೂರಿ ಕೂತಳು. ಲಿಂಗ ಇಟ್ಟಿದ್ದ ಅಂಗೈ, ದಿನಾಲೂ ಎಣ್ಣೆ ಹಚ್ಚಿ ತಾನು ಬಿಡಿಸುತ್ತಿದ್ದ ಅದೇ ಕೈ. ಮೇಲೆ ಅಷ್ಟು ಜನ ಇದ್ದರೂ ಸದ್ದಿರಲಿಲ್ಲ.

“ದುಂಡವ್ವಾ,” ಎಂದು ಕರೆದಳು.

ಉತ್ತರ ಬರಲಿಲ್ಲ. ಬರುವುದೂ ಇರಲಿಲ್ಲ, ಅದು ಮೊದಲನೆಯದು.

ಎರಡನೆಯ ಸಲ ಕರೆಯಲು ಬಾಯಿ ತೆರೆದಳು. ಭಯವಾಯಿತು. ಆ ಪುಸ್ತಕದ ಯಾವ ಕಥೆಯೂ ಹುಟ್ಟಿಸದಿದ್ದ ಭಯ. ಈಗ ಓ ಎಂದುಬಿಟ್ಟರೆ? ಎಂದುಬಿಟ್ಟರೆ ಎತ್ತಿಕೊಂಡು ಹೋಗಬೇಕು. ಮತ್ತೆ ಆ ಮಂಚ, ಆ ಚಾದರ, ಆ ಬಕೆಟ್ಟು, ಆ ಬೆಳಗು. ಓ ಎನ್ನದಿರಲಿ ಶಿವನೇ ಎಂದು ತನ್ನ ಮನಸ್ಸು ಬೇಡಿಕೊಳ್ಳುತ್ತಿರುವುದು ದಾನಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಸಾರು ಬಡಿಸಿಕೊಂಡು ಉಂಡ ಆ ಸೊಸೆಗೂ ಹೀಗೇ ಕೇಳಿಸಿತ್ತೇನೋ. ಅತ್ತೆಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿದ್ದೇ ತನ್ನನ್ನು ಇಳಿಸಿದ್ದಳು.

“ದುಂಡವ್ವಾ!” ಎಂದು ಕೂಗಿದಳು. ಮೇಲೆ ನಿಂತವರು ಬೆಚ್ಚಿಬೀಳುವಷ್ಟು ಜೋರಾಗಿ.

ಕಾದಳು. ಹೂವಿನ ಒಂದು ಎಸಳು ಜಾರಿ ಮಡಿಲಿಗೆ ಬಿತ್ತು, ಅಷ್ಟೇ. ಒಪ್ಪಂದ ಮುಗಿದಿತ್ತು. ಮೇಲೆ ಯಾರೋ ಗುದ್ದಲಿಯನ್ನು ಕೈ ಬದಲಿಸಿದರು, ಗೂಳಪ್ಪ ಕೆಮ್ಮಿದ.

ದಾನಮ್ಮ ಏಳಲಿಲ್ಲ. ಮುಂದಕ್ಕೆ ಬಾಗಿ, ಅಡುಗೆಮನೆಯಿಂದ ಕರೆಯುತ್ತಿದ್ದ ದನಿಯಲ್ಲಿ, “ಅತ್ತೀ,” ಎಂದಳು. ಮೂರನೆಯ ಸಲ ಕರೆ ಎಂದು ಯಾರೂ ಹೇಳಿರಲಿಲ್ಲ, ಯಾರಿಗೂ ಮಾತು ಕೊಟ್ಟಿರಲಿಲ್ಲ. ಈ ಸಲ ಓ ಎಂದಿದ್ದರೆ ಹೆಗಲ ಮೇಲೆ ಹೊತ್ತುಕೊಂಡೇ ಬಿ.ಟಿ.ಎಂ.ಗೆ ನಡೆದುಬಿಡುತ್ತಿದ್ದಳು.

ಬಹಳ ಹೊತ್ತು ಕಾದಳು. ಆಮೇಲೆ ಕೈ ಮೇಲಕ್ಕೆ ಚಾಚಿದಳು. ಗುರುಸಿದ್ದ ಬಾಗಿ ಆ ಕೈ ಹಿಡಿದುಕೊಂಡ.